ಕರಿಕಣ್ಣಿನ ಹೂವಿನ ಸೆಹರಾ

ಬೆಟಗೇರಿ
4 ನವೆಂಬರ್ 2024

ಆಪಾ ಅವರಿಗೆ ತಂಗಿ ಅಮೀನಬಿಯ ಸಲಾಂ.

ಅಕ್ಷರ ಗುರುತು ಹಿಡಿದು ಹರಿದು ಹಾಕಬೇಡಿ, ಪೂರಾ ಓದಿರಿ. ಏಳು ವರ್ಷದ ಹಿಂದೆ ನೀವು ಫರ್ಹಾನಾಳ ತಲೆಯ ಮೇಲೆ ಕೈ ಇಟ್ಟು, "ಸಾಯೂತನಕ ಇಕಿ ಕೂಡ ಮಾತಾಡೂದಿಲ್ಲ" ಎಂದು ಆಣೆ ಮಾಡಿದಿರಿ. ಮಗಳ ತಲೆ ಮುಟ್ಟಿ ಮಾಡಿದ ಆಣೆ ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಬರೆಯುವುದು ಮಾತಾಡಿದ ಹಾಗಲ್ಲವಲ್ಲ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ.

ನನ್ನ ಮಗ ಅಝೀಮನ ಮದುವೆ ಗೊತ್ತಾಗಿದೆ. ಹುಡುಗಿ ರುಹಿ ಅಂತ, ಶಿರಹಟ್ಟಿಯ ಅರಿವೆ ವ್ಯಾಪಾರಸ್ಥರ ಮಗಳು. ಶಬೇಬರಾತ್ ಆದ ಮೇಲಿನ ರವಿವಾರ, ಫೆಬ್ರುವರಿ ಹದಿನಾರಕ್ಕೆ ನಿಕಾಹ. ನಮ್ಮ ಮನೆತನದ ರಿವಾಜು ನಿಮಗೆ ಗೊತ್ತಿದೆ. ವರನ ಮುಖದ ಮೇಲೆ ಇಳಿಬಿಡುವ ಸೆಹರಾ ಅವನ ದೊಡ್ಡ ಖಾಲಾನ, ತಾಯಿಯ ಅಕ್ಕನ ಮನೆಯಲ್ಲಿ ಕಟ್ಟಿ ಬರಬೇಕು. ಅಮ್ಮ ಇರುವತನಕ ಇದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಸೆಹರಾ ಬರದಿದ್ದರೆ ಬೀಗರು ಯಾಕೆ ಏನು ಎಂದು ಕೇಳುತ್ತಾರೆ. ಆ ಪಂಚಾಯಿತಿ ನನಗೆ ಬೇಡ.

ಇನ್ನೊಂದು ಮಾತು. ಹೋದ ವರ್ಷ ಫರ್ಹಾನಾ ನಿಮ್ಮ ತೋಟದಲ್ಲಿ ಬೆಳೆದ ಹೂವಿನ ಫೋಟೋ ಅಝೀಮ ನೋಡಿದ್ದಾನೆ. ಕೆಂಪು ಎಸಳು, ನಡುವೆ ಕರಿ ಕಣ್ಣು. ಅನಿಮೋನ್ ಅಂತ ಹೆಸರಂತೆ. ಸೆಹರಾ ಅದರದ್ದೇ ಬೇಕು ಎಂದು ಹಟ ಹಿಡಿದಿದ್ದಾನೆ. ಗುಲಾಬಿ, ಮಲ್ಲಿಗೆ ಎಲ್ಲರೂ ಕಟ್ಟುತ್ತಾರೆ, ಇಂಥದ್ದು ಗದಗ ಜಿಲ್ಲೆಯಲ್ಲೇ ಯಾರೂ ಕಟ್ಟಿರಲಿಕ್ಕಿಲ್ಲ. ಬೀಗರು ಬಾಯಿ ಬಿಟ್ಟುಕೊಂಡು ನೋಡಬೇಕು.

ಹಿಂದಿನದು ಹಿಂದೆ ಇರಲಿ, ಆಪಾ.

ಅಮೀನಬಿ


ಯಳವತ್ತಿ
15 ನವೆಂಬರ್ 2024

ಅಮೀನಾ,

ಪತ್ರ ಮುಟ್ಟಿತು. ಹಿಂದಿನದು ಹಿಂದೆ ಇರಲಿ ಎಂದು ಬರೆದಿದ್ದೀ. ಅದು ಹಿಂದೆ ಎಲ್ಲಿದೆ? ನನ್ನ ಮಗಳ ಎಡಗೆನ್ನೆಯ ಮೇಲೆ ರೂಪಾಯಿ ಅಗಲ ಬೆಳ್ಳಗೆ ಕೂತಿದೆ. ದಿನಾ ಬೆಳಗಾದರೆ ನೋಡುತ್ತೇನೆ.

ನಿನಗೆ ಮರೆತಿರಬಹುದು, ಬರೆದೇ ಬಿಡುತ್ತೇನೆ. ಅವಳಿಗೆ ಆರು ವರ್ಷ. ನಿನ್ನ ಮನೆಗೆ ರಜೆಗೆ ಬಂದಿದ್ದಳು. ಕೆನ್ನೆಯ ಮೇಲೆ ಹುಳುಕಡ್ಡಿ ಎದ್ದಿತ್ತು. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜವನ್ನು ನೀನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು, ಅದರ ಎಣ್ಣೆ ಹಚ್ಚಿದೆ. ನಾನು ಬೇಡ ಬೇಡ ಅಂದೆ. ನೀನು, "ಏನೂ ಆಗೂದಿಲ್ಲ ಆಪಾ, ನನಗ ಗೊತ್ತೈತಿ" ಅಂದೆ. ಚರ್ಮ ಸುಲಿದು ಬಂತು. ವಾಸಿಯಾಯಿತು, ಬಣ್ಣ ಬರಲಿಲ್ಲ. ಅಡುಗೆಮನೆಯಲ್ಲಿ ಇದ್ದವರು ನೀನು, ನಾನು, ಆ ಕೂಸು.

ಮುಂದೆ ಮುಂಡರಗಿಯ ಮುಸ್ತಾಕನ ಕೂಡ ನಿಶ್ಚಯವಾದಾಗ ಅವನ ಮನೆಯವರು ತೊನ್ನು ಅಂದರು. ಡಾಕ್ಟರ ಚೀಟಿ ತೋರಿಸಿದರೆ, ಚೀಟಿ ದುಡ್ಡಿಗೆ ಸಿಗುತ್ತದೆ ಅಂದರು. ನಿನ್ನ ಕಾಲು ಹಿಡಿದು ಮುಂಡರಗಿಗೆ ಕರೆದೊಯ್ದೆ. ಆರು ಮಂದಿ ಹಿರಿಯರ ಮುಂದೆ ಒಂದು ಮಾತು ಹೇಳು, ಕೇರುಬೀಜ ಹಚ್ಚಿದ್ದೆ ಅಂತ, ಎಂದು ಬೇಡಿಕೊಂಡೆ. ನೀನು ಸೆರಗು ಸರಿಮಾಡಿಕೊಂಡು, "ನನಗೇನೂ ನೆನಪಿಲ್ಲರಿ" ಅಂದೆ. ಮಂದಿಯ ಕೂಸಿನ ಮುಖ ಸುಟ್ಟವಳು ಅನ್ನಿಸಿಕೊಳ್ಳುವುದು ನಿನಗೆ ಬೇಕಾಗಿರಲಿಲ್ಲ. ಮುಸ್ತಾಕನಿಗೆ ಈಗ ಎರಡು ಮಕ್ಕಳು.

ಇರಲಿ. ಸೆಹರಾ ಕಳಿಸುತ್ತೇನೆ. ಅದು ಅಮ್ಮನ ಮಾತು, ನಿನ್ನದಲ್ಲ. ಫರ್ಹಾನಾ ನಿನ್ನ ಪತ್ರ ಓದಿ, "ಖಾಲಾ ಬಾಯಿಬಿಟ್ಟು ಕೇಳ್ಯಾಳ, ಕೊಡೂಣು ಅಮ್ಮಾ" ಅಂದಳು. ಅವಳ ಮನಸ್ಸು ಹಾಗೆ. ಯಾರಿಂದ ಬಂತೋ, ನನ್ನಿಂದಂತೂ ಅಲ್ಲ.

ಅನಿಮೋನ್ ಗಡ್ಡೆ ನಿನ್ನೆಯೇ ನೆನೆಹಾಕಿದಳು. ನೋಡಿದರೆ ಒಣಗಿದ ಶುಂಠಿಯ ತುಣುಕು, ಕಲ್ಲಿನ ಹಾಗೆ ಗಟ್ಟಿ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ನಾಲ್ಕು ತಾಸು ನೀರಿನಲ್ಲಿಟ್ಟರೆ ದುಪ್ಪಟ್ಟು ಉಬ್ಬುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಕೊಳೆತು ಹೋಗುತ್ತದೆ. ಆಮೇಲೆ ಹಸಿ ಉಸುಕಿನಲ್ಲಿ ಹೂತು, ಕುಡಿಯುವ ನೀರಿನ ಹರವಿಯ ಪಕ್ಕ ತಂಪಿನಲ್ಲಿ ಇಡುತ್ತಾಳೆ. ಬೇರು ಬಿಟ್ಟ ಮೇಲೆ ಮಡಿಗೆ. ನಮ್ಮ ಎರೆಮಣ್ಣು ನೀರು ಹಿಡಿಯುತ್ತದೆ ಎಂದು ಕೊರ್ಲಹಳ್ಳಿಯಿಂದ ಹೊಳೆಯ ಉಸುಕು ತರಿಸಿ ಬೆರೆಸಿದ್ದಾಳೆ. ಈ ಸಲ ಇನ್ನೂರು ಗಡ್ಡೆ. ಎಲ್ಲವನ್ನೂ ಮಗ್ಗುಲಾಗಿ ಮಲಗಿಸುತ್ತಾಳೆ. "ಮ್ಯಾಲ ಯಾವುದು ಅಂತ ಅದಕ್ಕ ಗೊತ್ತಿರತೈತಿ, ನಾವ್ಯಾಕ ಹೇಳೂದು" ಅನ್ನುತ್ತಾಳೆ.

ಜೈಬುನ್ನೀಸಾ


ಬೆಟಗೇರಿ
20 ಡಿಸೆಂಬರ್ 2024

ಆಪಾ ಅವರಿಗೆ ಸಲಾಂ.

ನೀವು ಒಪ್ಪಿದ್ದು ಕೇಳಿ ನಮ್ಮ ಮನೆಯವರು ಮಹಬೂಬಸಾಬರು ಬಳೆ ಅಂಗಡಿಯಲ್ಲೇ ಎಲ್ಲರಿಗೂ ಪೇಢೆ ಹಂಚಿದರು. ನೀವು ಬರೆದ ಹಳೆಯ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ಬೆಳೆಯುತ್ತದೆ.

ಹೂವು ಹದಿನಾರಕ್ಕೆ ಸರಿಯಾಗಿ ಅರಳುತ್ತವೆ ತಾನೇ? ಆಮೇಲೆ ಬೇರೆ ಹೊಂದಿಸಲು ಆಗುವುದಿಲ್ಲ. ಬೀಗರಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಹುಡುಗನ ಎದೆಯವರೆಗೆ ಇಳಿಯಬೇಕು, ಇಪ್ಪತ್ತೊಂದು ಎಳೆ.

ಈ ಪಾರ್ಸಲ್‌ನಲ್ಲಿ ಫರ್ಹಾನಾಳಿಗೆ ಒಂದು ಡಬ್ಬಿ ಕಳಿಸಿದ್ದೇನೆ. ಮುಖಕ್ಕೆ ಹಚ್ಚುವ ಕ್ರೀಮು, ಸಿನಿಮಾದವರು ಹಚ್ಚುತ್ತಾರಂತೆ. ಒಳ್ಳೆಯ ಬೆಳಕಿನಲ್ಲಿ ಹಚ್ಚಿಕೊಂಡರೆ ಆ ಕಲೆ ಪೂರಾ ಮುಚ್ಚುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವಳ ಒಳ್ಳೆಯದಕ್ಕೇ ಹೇಳಿದೆ. ಇಪ್ಪತ್ತೆಂಟಾಯಿತು. ಹೆಂಡತಿ ಸತ್ತವರು ಯಾರಾದರೂ ಸಿಕ್ಕಾರು.

ಅಮೀನಬಿ


ಯಳವತ್ತಿ
17 ಜನವರಿ 2025

ಅಮೀನಾ,

ಡಬ್ಬಿ ಬಂತು. ಫರ್ಹಾನಾ ತೆರೆದು ಮೂಸಿ ನೋಡಿ ಮುಚ್ಚಿಟ್ಟಳು. "ಖಾಲಾ ನೆನಪ ಮಾಡಿ ಕಳಿಸ್ಯಾಳ" ಅಂದಳು, ಅಷ್ಟೇ. ನನಗೆ ಅದನ್ನು ತಿಪ್ಪೆಗೆ ಎಸೆಯಬೇಕು ಅನಿಸಿತ್ತು. ಹೆಂಡತಿ ಸತ್ತವರ ಮಾತು ಅವಳಿಗೆ ಓದಿ ಹೇಳಲಿಲ್ಲ.

ಇನ್ನೂರರಲ್ಲಿ ನೂರೆಪ್ಪತ್ತು ಗಡ್ಡೆ ಎದ್ದಿವೆ. ಎಲೆ ನೋಡಲು ಕೊತ್ತಂಬರಿಯದೇ ಎಲೆ. ಮೊಗ್ಗು ನೆಲ ಬಿಟ್ಟು ಏಳುವಾಗ ತಲೆ ಬಗ್ಗಿಸಿಕೊಂಡೇ ಏಳುತ್ತದೆ, ಆಮೇಲೆ ನೆಟ್ಟಗಾಗುತ್ತದೆ. ಮಧ್ಯಾಹ್ನದ ಬಿಸಿಲು ತಾಗಬಾರದು ಎಂದು ನನ್ನ ಎರಡು ಹಳೆಯ ಸೀರೆ ಚಪ್ಪರಕ್ಕೆ ಕಟ್ಟಿದ್ದಾಳೆ. ಮಡಿಗೆ ಇಳಿಯುವಾಗ ಮೊಣಕೈವರೆಗೆ ಅರಿವೆ ಸುತ್ತಿಕೊಂಡೇ ಇಳಿಯುತ್ತಾಳೆ. ಹದಿನಾರಕ್ಕೆ ಹೂವು ಸಿಗುತ್ತದೆ.

ಒಂದು ಮಾತು ನೀನು ತಿಳಿದಿರಬೇಕು. ಏಳು ವರ್ಷ ಈ ಹುಡುಗಿ ಯಾರ ಮದುವೆಗೂ ಹೋಗಿಲ್ಲ. ಲಕ್ಷ್ಮೇಶ್ವರದ ಸಂತೆಗೆ ಹೂವು ಒಯ್ದರೂ ಬುಟ್ಟಿ ಇಳಿಸಿ ತಿರುಗಿ ಬರುತ್ತಾಳೆ. ಅಝೀಮನ ಮದುವೆಗೆ ಮಾತ್ರ ಹಸಿರು ಬಟ್ಟೆ ತಂದು ಡ್ರೆಸ್ ಹೊಲಿಸಿದ್ದಾಳೆ. ಎರಡು ಸಲ ಹಾಕಿ ನೋಡಿಕೊಂಡಳು. ಸಣ್ಣವರಿದ್ದಾಗ ಇಬ್ಬರೂ ಒಂದೇ ತಾಟಿನಲ್ಲಿ ಉಂಡವರಲ್ಲವೇ, ಅದಕ್ಕೆ. "ಸೆಹರಾ ನಾನಽ ಹಿಡಕೊಂಡ ಬರತೀನಿ" ಅಂತ ಹೇಳುತ್ತಾಳೆ. ಮನೆಯಲ್ಲಿ ಹಾಡು ಗುನುಗುವುದು ಕೇಳಿ ನನಗೇ ಆಶ್ಚರ್ಯ.

ಅದನ್ನು ನೋಡಿದ ಮೇಲೆ ನಿನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು ಅಂತ ಬರೆಯಲು ನನಗೆ ನಾಚಿಕೆಯಿಲ್ಲ. ಆಣೆ ಆಣೆಯೇ, ಮಾತಾಡುವುದಿಲ್ಲ. ಆದರೆ ನಿನ್ನ ಮಗನ ಮದುವೆಯಲ್ಲಿ ನಿನ್ನ ಪಕ್ಕ ನಿಲ್ಲುತ್ತೇನೆ.

ಜೈಬುನ್ನೀಸಾ


ಬೆಟಗೇರಿ
5 ಫೆಬ್ರುವರಿ 2025

ಆಪಾ ಅವರಿಗೆ,

ನಿಮ್ಮ ಪತ್ರ ಓದಿ ಕಣ್ಣು ತುಂಬಿ ಬಂತು. ನೀವು ಬರಬೇಕು, ಮೊದಲ ಸಾಲಿನಲ್ಲಿ ಕೂಡಬೇಕು. ಫರ್ಹಾನಾಳನ್ನು ಮಾತ್ರ ಈ ಸಲ ಬಿಟ್ಟು ಬನ್ನಿ.

ತಪ್ಪು ತಿಳಿಯಬೇಡಿ. ಬೀಗರು ಬಹಳ ನೋಡಿ ಮಾಡುವ ಮಂದಿ. ನಮ್ಮ ಕಡೆ ಮುಖದ ಮೇಲೆ ಅಂಥದ್ದೊಂದು ಕಂಡರೆ, ವಂಶದಲ್ಲಿದೆ ಅನ್ನುತ್ತಾರೆ. ನಾಳೆ ಅಝೀಮನ ಮಕ್ಕಳಿಗೂ ಬರುತ್ತದೆ ಅನ್ನುತ್ತಾರೆ. ನಾನು ಅವರಿಗೆ, ನಮ್ಮ ಆಪಾನಿಗೆ ಮಕ್ಕಳಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಆಗಲೇ ಹೇಳಿ ಆಗಿದೆ, ಈಗ ತಿದ್ದಲು ಬರುವುದಿಲ್ಲ. ಅವರೆದುರು ಆ ಮಾತು ಕಾಯ್ದುಕೊಳ್ಳಿರಿ. ಹಸಿರು ಡ್ರೆಸ್ ಈದ್‌ಗೆ ಬಂದೀತು.

ಹೂವು ಮಾತ್ರ ಮರೆಯಬೇಡಿ.

ಅಮೀನಬಿ


ಯಳವತ್ತಿ
8 ಫೆಬ್ರುವರಿ 2025, ಬೆಳಿಗ್ಗೆ

ಅಮೀನಾ,

ಇದನ್ನು ತುರ್ತಾಗಿ ಬರೆಯುತ್ತಿದ್ದೇನೆ, ಲಕ್ಷ್ಯ ಕೊಟ್ಟು ಓದು. ಮೊದಲೇ ತಿಳಿಸಬೇಕಿತ್ತು. ಈ ಹೂವಿನ ದೇಟಿನ ರಸ ಕೆಟ್ಟದ್ದು. ದೇಟು ಮುರಿದರೆ ನೀರಿನಂಥ ರಸ ಬರುತ್ತದೆ. ಮೈಗೆ ಹತ್ತಿದಾಗ ಏನೂ ಅನಿಸುವುದಿಲ್ಲ. ಒಂದೆರಡು ತಾಸಿಗೆ ಉರಿ, ಮರುದಿನ ಬೊಬ್ಬೆ. ಹೋದ ವರ್ಷ ಫರ್ಹಾನಾಳ ಮಣಿಕಟ್ಟಿನ ತೊಗಲೇ ಎದ್ದಿತ್ತು. ಅದಕ್ಕೇ ಅವಳು ಕೈಗೆ ಅರಿವೆ ಸುತ್ತಿಕೊಳ್ಳುವುದು.

ಆದ್ದರಿಂದ ಸೆಹರಾ ಹೀಗೆ ಕಟ್ಟುತ್ತಾಳಂತೆ. ದೇಟು ಪೂರಾ ಕತ್ತರಿಸಿ, ಹೂವನ್ನು ಮೂರು ನೀರಿನಲ್ಲಿ ತೊಳೆದು ಆರಿಸಿ, ಒಳಬದಿಗೆ ಎರಡು ಪದರ ಮಲ್ಮಲ್ ಬಟ್ಟೆ ಹೊಲಿಯುವುದು. ಮುಖಕ್ಕೆ ಹೂವು ತಾಗಲೇಬಾರದು. ನೀರು ಚಿಮುಕಿಸಬಾರದು. ನಿಕಾಹ ಓದಿ ಮುಗಿದ ಕೂಡಲೇ ತೆಗೆದುಬಿಡಬೇಕು. ಆ ದಿನ ಮುಖಕ್ಷೌರ ಮಾಡಿಸಿಕೊಂಡಿರುತ್ತಾನೆ, ಹಸಿ ಚರ್ಮ. ನೀನೇ ಪಕ್ಕದಲ್ಲಿ ನಿಂತು ನೋಡಿಕೋ. ನಾನೂ ಇರುತ್ತೇನೆ.

ಅದೇ ದಿನ, ಸಂಜೆ

ನಿನ್ನ ಐದನೆಯ ತಾರೀಖಿನ ಪತ್ರ ಮಧ್ಯಾಹ್ನದ ಟಪಾಲಿಗೆ ಬಂತು.

ನಮ್ಮ ಆಪಾನಿಗೆ ಮಕ್ಕಳಿಲ್ಲ.

ನಾನು ತಡೆಯುವ ಮೊದಲೇ ಫರ್ಹಾನಾ ತೆಗೆದು ಓದಿದಳು. ಮಡಿಚಿ ನನ್ನ ಕೈಗೆ ಕೊಟ್ಟು ಮಡಿಗೆ ನೀರು ಬಿಡಲು ಹೋದಳು. ಹಸಿರು ಡ್ರೆಸ್ಸನ್ನು ಟ್ರಂಕಿನ ತಳಕ್ಕೆ ಹಾಕಿದ್ದಾಳೆ.

ಬೆಳಿಗ್ಗೆ ಬರೆದ ಈ ಕಾಗದ ಟಪಾಲಿಗೆ ಹೋಗುವುದಿಲ್ಲ. ಚೀಲದಲ್ಲಿ ಇರಲಿ.


ಯಳವತ್ತಿ
15 ಫೆಬ್ರುವರಿ 2025

ಅಮೀನಾ,

ಬಸ್ಸಿಗೆ ಕೊಟ್ಟು ಕಳಿಸಿದ ಬುಟ್ಟಿಯಲ್ಲಿ ಸೆಹರಾ ಇದೆ. ಇಪ್ಪತ್ತೊಂದು ಎಳೆ, ಎದೆಯವರೆಗೆ. ಒಂದು ಹೂವೂ ಬಾಡಿಲ್ಲ. ಉಳಿದ ಬಿಡಿ ಹೂವನ್ನೂ ಅದರಲ್ಲೇ ಇಟ್ಟಿದ್ದೇನೆ.

ಫರ್ಹಾನಾಳನ್ನು ನಾಲ್ಕು ದಿನದ ಮಟ್ಟಿಗೆ ಅವಳ ಸೋದರತ್ತೆಯ ಊರು ಕೊರ್ಲಹಳ್ಳಿಗೆ ಕಳಿಸಿದ್ದೇನೆ. ಹೋಗುವಾಗ ಮಲ್ಮಲ್ ಬಟ್ಟೆ ಅಳತೆ ಮಾಡಿ ಹೊಲಿದಿಟ್ಟು ಹೋದಳು. ಅದನ್ನು ಬಿಚ್ಚಿದೆ. ಬಟ್ಟೆ ನಡುವೆ ಬಂದರೆ ಹೂವಿನ ತಂಪು ಮುಖಕ್ಕೆ ಹತ್ತುವುದಿಲ್ಲ. ದೇಟು ಸಮೇತ, ಉಗುರಿನಿಂದ ಚಿವುಟಿ ಚಿವುಟಿ ಕಟ್ಟಿದ್ದೇನೆ, ಜಾರಬಾರದು ನೋಡು. ತಾಸಿಗೊಮ್ಮೆ ನೀರು ಚಿಮುಕಿಸು. ಗಲ್ಲಕ್ಕೆ ಒತ್ತಿ ಬರುವ ಹಾಗೆ ಕಟ್ಟು. ರುಹಿ ಮನೆ ತುಂಬಿ ಅವನ ಮುಖ ನೋಡುವವರೆಗೆ ಬಿಚ್ಚಬಾರದು.

ನಾನು ಬರುವುದಿಲ್ಲ. ಮಕ್ಕಳಿಲ್ಲದವಳು ಶುಭಕಾರ್ಯಕ್ಕೆ ಯಾಕೆ?

ಜೈಬುನ್ನೀಸಾ


ಬೆಟಗೇರಿ
20 ಫೆಬ್ರುವರಿ 2025

ಆಪಾ ಅವರಿಗೆ ಸಲಾಂ.

ಸಿಟ್ಟಿನಿಂದ ನೀವು ಬರಲಿಲ್ಲ, ಆದರೂ ಮಾತು ಉಳಿಸಿಕೊಂಡಿರಿ. ಅಂಥ ಸೆಹರಾ ಶಿರಹಟ್ಟಿಯಲ್ಲಿ ಹಿಂದೆ ಯಾರೂ ಕಂಡಿಲ್ಲ. ನೂರು ಮಂದಿ ಫೋಟೋ ತೆಗೆದರು. ರುಹಿಯ ಅಪ್ಪ ನನ್ನನ್ನು ಕರೆದು, "ಯಾರ ಕಟ್ಟ್ಯಾರ್ರಿ ಇದನ್ನ?" ಎಂದು ಕೇಳಿದರು. ನಮ್ಮ ಆಪಾ ಅಂದೆ. ನೀವು ಹೇಳಿದ ಹಾಗೇ ಆರು ತಾಸು ಬಿಚ್ಚಲಿಲ್ಲ, ಏಳು ಸಲ ನೀರು ಚಿಮುಕಿಸಿದೆ. "ಅಮ್ಮಾ, ಮಾರಿ ಉರಿಯಾಕತ್ತೈತಿ" ಎಂದು ಅಝೀಮ ಎರಡು ಸಲ ಹೇಳಿದ. ಮದುಮಗ ಇಷ್ಟು ತಡಕೊಳ್ಳಬೇಕು ಎಂದು ನಾನೇ ಗದರಿಸಿದೆ.

ಮರುದಿನ ಅವನ ಮುಖವೆಲ್ಲ ಬಾತು ನೀರ್ಗುಳ್ಳೆ ಎದ್ದವು. ಹಜಾಮನ ಕತ್ತಿ ಸ್ವಚ್ಛ ಇರಲಿಲ್ಲ ಅಂತ ಮನೆಯವರು, ದೃಷ್ಟಿಯಾಗಿದೆ ಅಂತ ನಾನು. ಅಷ್ಟು ಮಂದಿ ನೋಡಿದರೆ ಆಗದೆ ಏನು? ಹೂವಿನಲ್ಲಿ ತಂಪಿದೆ ಎಂದು ನೀವು ಬರೆದಿದ್ದಿರಲ್ಲ, ಅದಕ್ಕೆ ಉಳಿದ ಹೂವನ್ನು ಫ್ರಿಜ್ಜಿನಲ್ಲಿಟ್ಟು, ದೇಟು ಸಮೇತ ಅರೆದು ದಿನಾ ಎರಡು ಹೊತ್ತು ಮುಖಕ್ಕೆ ಲೇಪ ಹಾಕುತ್ತಿದ್ದೇನೆ. ಹಾಕುವಾಗ ಬಹಳ ಒದ್ದಾಡುತ್ತಾನೆ. ಮುಂದುವರಿಸಲೋ ಬೇಡವೋ? ಜಲ್ದಿ ತಿಳಿಸಿ.

ಅಮೀನಬಿ


ಯಳವತ್ತಿ
24 ಫೆಬ್ರುವರಿ 2025

ಅಮೀನಾ,

ನಿನಗೆ ತಿಳಿದ ಹಾಗೆ ಮಾಡು. ಮುಖಕ್ಕೆ ಔಷಧ ಹಚ್ಚುವುದು ನಿನಗೆ ನಾನು ಹೇಳಿಕೊಡಬೇಕೇ?

ಜೈಬುನ್ನೀಸಾ


ಬೆಟಗೇರಿ
9 ಏಪ್ರಿಲ್ 2025

ಆಪಾ,

ಈಗ ಎಲ್ಲ ತಿಳಿಯಿತು. ಧಾರವಾಡಕ್ಕೆ ತೋಟಗಾರಿಕೆ ತರಬೇತಿಗೆ ಹೋಗಿರುವ ಫರ್ಹಾನಾಳಿಗೆ ಈದ್ ದಿನ ಅಝೀಮ ಫೋನು ಮಾಡಿದ. ಅವಳು ಮೊದಲು ಕೇಳಿದ್ದೇ, "ಒಳಗ ಮಲ್ಮಲ್ ಇರಲಿಲ್ಲೇನು?" ಎಂದು. ಆಮೇಲೆ ಅಳುತ್ತ ಎಲ್ಲ ಹೇಳಿದಳು. ಪಕ್ಕದಲ್ಲಿ ಕೂತು ನಾನೂ ಕೇಳಿದೆ.

ಗುಳ್ಳೆ ಒಣಗಿವೆ. ಒಣಗಿದಲ್ಲೆಲ್ಲ ಬೆಳ್ಳಗೆ. ಎರಡೂ ಕೆನ್ನೆ, ಗದ್ದ, ಒಂದು ಹುಬ್ಬು. ರುಹಿಯ ಅಪ್ಪ ಬಂದು ನೋಡಿ ಮಗಳನ್ನು ಕರೆದುಕೊಂಡು ಹೋದರು. ನಿನಗೊಬ್ಬ ಮಗಳಿದ್ದಾಳೆ, ಅವಳಿಗೂ ಹೀಗೇ ಇದೆ ಎಂದು ಯಾರೋ ಅವರಿಗೆ ಖಬರ ಮುಟ್ಟಿಸಿದ್ದಾರೆ. ಮುಚ್ಚಿಟ್ಟು ಮದುವೆ ಮಾಡಿದಿರಿ ಎನ್ನುತ್ತಾರೆ. ಡಾಕ್ಟರ ಚೀಟಿ ಒಯ್ದು ತೋರಿಸಿದೆ, ಇದು ಸುಟ್ಟ ಕಲೆ ಎಂದು. "ಚೀಟಿ ದುಡ್ಡಿಗೆ ಸಿಗತಾವ" ಅಂದರು. ರುಹಿಗೆ ಅಝೀಮನ ಮೇಲೆ ಮನಸ್ಸಿದೆ, ಕದ್ದು ಫೋನು ಮಾಡಿ ಅಳುತ್ತಾಳೆ. ಇವನು ಕನ್ನಡಿಗೆ ಬಟ್ಟೆ ಹೊದಿಸಿ ಕೋಣೆಯಲ್ಲಿ ಕೂತಿದ್ದಾನೆ. ಊಟ ಬಾಗಿಲಿಗೆ ಇಟ್ಟು ಬರುತ್ತೇನೆ.

ಏಪ್ರಿಲ್ ಇಪ್ಪತ್ತು, ರವಿವಾರ, ಶಿರಹಟ್ಟಿಯಲ್ಲಿ ಜಮಾತಿನ ಹಿರಿಯರು ಕೂಡುತ್ತಾರೆ. ಅವರು ಒಂದೇ ಮಾತು ಹೇಳಿದ್ದಾರೆ. ಸೆಹರಾ ಕಟ್ಟಿದ ಮನೆಯ ಹಿರಿಯರು, ಇದು ಹೂವಿನ ರಸದಿಂದ ಆದದ್ದು ಎಂಬ ಕಾಗದಕ್ಕೆ ತಮ್ಮ ಕೈಯಾರೆ ಸಹಿ ಮಾಡಿ ಕೊಟ್ಟರೆ ಒಪ್ಪುತ್ತೇವೆ, ಇಲ್ಲದಿದ್ದರೆ ಸಂಬಂಧ ಬಿಡಿಸುತ್ತೇವೆ ಎಂದು. ಫರ್ಹಾನಾ ಎಲ್ಲ ಬರೆದು, ನಿನ್ನ ಸಹಿಗೆಂದು ಯಳವತ್ತಿಗೆ ಕಳಿಸಿದ್ದಾಳಂತೆ. ತಪ್ಪನ್ನು ತನ್ನ ಮೇಲೇ ಹಾಕಿಕೊಂಡಿದ್ದಾಳೆ. ನೀನು ಸಹಿ ಮಾಡಿ ಶಿರಹಟ್ಟಿಗೆ ಹಾಕಿದರೆ ಸಾಕು.

ಇದರ ಜೊತೆ ನನ್ನದೂ ಒಂದು ಕಾಗದ ಇಟ್ಟಿದ್ದೇನೆ. ಕೇರುಬೀಜ ಹಚ್ಚಿದವಳು ನಾನು, ಹಿರಿಯರ ಮುಂದೆ ಸುಳ್ಳು ಹೇಳಿದವಳು ನಾನು, ಹುಡುಗಿಗೆ ಯಾವ ರೋಗವೂ ಇಲ್ಲ ಎಂದು ಬರೆದು ಹೆಬ್ಬೆಟ್ಟು, ಸಹಿ ಎರಡೂ ಹಾಕಿದ್ದೇನೆ. ಯಾರಿಗೆ ಬೇಕಾದರೂ ತೋರಿಸು, ಮುಂಡರಗಿಯ ಪೇಟೆಯಲ್ಲಿ ನಿಂತು ಓದು ಅಂದರೆ ಓದುತ್ತೇನೆ. ನಾನು ಮಾಡಿದ್ದಕ್ಕೆ ನನ್ನನ್ನು ಏನು ಬೇಕಾದರೂ ಮಾಡು. ಹುಡುಗನದೇನು ತಪ್ಪು, ಆಪಾ? ನಿನ್ನ ತೊಡೆಯ ಮೇಲೆ ಆಡಿ ಬೆಳೆದವನು.

ನಿನ್ನ ಅಮೀನಾ


ಯಳವತ್ತಿ
20 ಏಪ್ರಿಲ್ 2025

ಅಮೀನಾ,

ಬಿಸಿಲು ಏರಿದೆ. ಅನಿಮೋನ್ ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಬಿದ್ದವು. ಹಾಗೆ ಬಿದ್ದ ಮೇಲೆ ಗಡ್ಡೆ ಕಿತ್ತುಬಿಡಬೇಕು, ಮಳೆಗಾಲದಲ್ಲಿ ನೆಲದಲ್ಲಿದ್ದರೆ ಕೊಳೆಯುತ್ತವೆ. ಫರ್ಹಾನಾ ಇಲ್ಲವಲ್ಲ, ಈ ಸಲ ನಾನೇ ಕಿತ್ತೆ. ಒಂದಕ್ಕೆ ಮೂರಾಗಿವೆ. ಮಣ್ಣು ಉದುರಿಸಿ ಎಂಟು ದಿನ ನೆರಳಲ್ಲಿ ಒಣಗಿಸಿದೆ.

ನೀನು ಸೆಹರಾದ ವಿಚಾರ ಕೇಳಿದ್ದೀ. ಹೂವಿನಿಂದ ಯಾರದಾದರೂ ಮುಖ ಕೆಟ್ಟದ್ದನ್ನು ನಾನು ಕೇಳಿಲ್ಲ. ಮಲ್ಮಲ್ ಅಂತೀ, ದೇಟು ಅಂತೀ. ನನಗೇನೂ ನೆನಪಿಲ್ಲ.

ನಿನ್ನ ಕಾಗದ ಎರಡು ಸಲ ಓದಿದೆ. ಅಕ್ಷರ ದುಂಡಾಗಿವೆ. ಏಳು ವರ್ಷದ ಹಿಂದೆ ಇದು ಸಿಕ್ಕಿದ್ದರೆ ನಿನ್ನ ಕೈಗೆ ಮುತ್ತು ಕೊಡುತ್ತಿದ್ದೆ. ಫರ್ಹಾನಾಳದೂ ಬಂದಿತ್ತು, ಮೂರು ಹಾಳೆ, ಎರಡೂ ಬದಿಗೆ ಬರೆದಿದ್ದಾಳೆ. ನಿನ್ನೆ ಫೋನು ಮಾಡಿ, "ಸಹಿ ಮಾಡಿ ಹಾಕಿದೇನಮ್ಮಾ?" ಎಂದು ಕೇಳಿದಳು. ಹಾಕಿದೆ ಅಂದೆ. "ಈಗ ನನಗ ನಿದ್ದಿ ಹತ್ತತೈತಿ ನೋಡು" ಅಂದಳು ಪಾಪ. ತೊನ್ನಿಲ್ಲ ಎಂದು ನೀನು ಬರೆದುಕೊಟ್ಟಿದ್ದೀ ಎಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ನಿನ್ನನ್ನು ಮಾಫ್ ಮಾಡಿಬಿಡುತ್ತಾಳೆ.

ಗಡ್ಡೆ ಪ್ಲಾಸ್ಟಿಕ್‌ನಲ್ಲಿ ಇಡಬಾರದು, ಬೆವರುತ್ತವೆ. ಕಾಗದವೇ ಬೇಕು. ಮನೆಯಲ್ಲಿ ಬೇರೆ ಕಾಗದ ಇರಲಿಲ್ಲ. ಅವಳ ಮೂರು, ನಿನ್ನದೊಂದು. ನಾಲ್ಕು ಪೊಟ್ಟಣವಾದವು, ದಾರ ಸುತ್ತಿ ಅಟ್ಟದ ತೊಲೆಗೆ ಕಟ್ಟಿದ್ದೇನೆ.

ಜೈಬುನ್ನೀಸಾ